ಎಳೆದರೆ ಬಿಗಿಯುವ ಬೆಸುಗೆ

ಬಳೇಪೇಟೆಯ ವಾದ್ಯದಂಗಡಿಗಳಲ್ಲಿ ಮೃದಂಗಕ್ಕೆ ಶ್ರುತಿ ಸೇರಿಸುವವರ ಕೈಯಲ್ಲಿ ಒಂದು ಕಲ್ಲು, ಒಂದು ಮರದ ತುಂಡು, ಇಷ್ಟೇ ಇರುತ್ತದೆ. ಮುಚ್ಚಿಗೆಯನ್ನು ಸುತ್ತಲಿಂದ ಬಾರುಗಳು ಎಳೆದು ಹಿಡಿದಿರುತ್ತವೆ. ಅಂಚಿನ ಮೇಲೆ ಒಂದು ಏಟು ಬಿದ್ದರೆ ಅಲ್ಲಿ ಬಿಗಿ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ. ಸುತ್ತ ಎಲ್ಲಿ ನುಡಿಸಿದರೂ ಒಂದೇ ಸ್ವರ ಬರಬೇಕು; ಅಲ್ಲಿಯ ತನಕ ಕೆಲಸ ಮುಗಿಯದು. ಈ ವಾದ್ಯದ ನಾದ ಅಷ್ಟು ಶುದ್ಧವಾಗಿರಲು ಕಾರಣವೇನೆಂದು ಸಿ.ವಿ. ರಾಮನ್ ಬಹಳ ಹಿಂದೆಯೇ ಕೇಳಿಕೊಂಡಿದ್ದರು. ಶಿವಕಾಳಿ ಕುಮಾರ್ ಅವರೊಂದಿಗೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1934ರಲ್ಲಿ, ಬೆಂಗಳೂರಿನಲ್ಲಿ ತಾವೇ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯ ಮೊದಲ ಸಂಪುಟದಲ್ಲೇ ಅದನ್ನು ಇನ್ನೂ ವಿಸ್ತಾರವಾಗಿ ವಿವರಿಸಿದರು. ಚರ್ಮದ ನಡುವೆ ಮೆತ್ತಿದ ಕಪ್ಪು ಕರಣೆಯ ಭಾರ ಮತ್ತು ಚರ್ಮದ ಬಿಗಿ ಎರಡೂ ಸೇರಿ, ಸಾಮಾನ್ಯ ಚರ್ಮವಾದ್ಯದಲ್ಲಿ ಗದ್ದಲವಾಗುವ ಉಪಸ್ವರಗಳನ್ನು ಮೂಲಸ್ವರಕ್ಕೆ ಹೊಂದಿಸಿಬಿಡುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ.

ಆ ನಾದವನ್ನು ಕೇಳುವ ಕಿವಿಯ ಒಳಗೂ ಹೀಗೆ ಎಳೆದು ಕಟ್ಟಿದ ಒಂದು ಪದರವಿದೆ. ಅದು ಜೀವಕೋಶಗಳ ಪದರ. ಬಾರೂ ಅದೇ, ಚರ್ಮವೂ ಅದೇ, ಶ್ರುತಿ ಸೇರಿಸುವ ಕೈಯೂ ಅದೇ. ಪ್ರತಿ ಕೋಶವೂ ತನ್ನ ಪಕ್ಕದ ಕೋಶವನ್ನು ಹಿಡಿದುಕೊಂಡು ಎಳೆಯುತ್ತದೆ. ಪಕ್ಕದ್ದು ತನ್ನನ್ನು ಎಷ್ಟು ಎಳೆಯುತ್ತಿದೆ ಎಂಬುದನ್ನೂ ಅರಿಯುತ್ತದೆ. ನರವಿಲ್ಲ, ಕಣ್ಣಿಲ್ಲ, ಅಳೆಯುವ ಉಪಕರಣವಿಲ್ಲ. ಹಾಗಿದ್ದರೆ ಒಂದು ಕೋಶಕ್ಕೆ ಎಳೆತ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ನಾಲ್ಕು ದಶಕ ಬೇಕಾಯಿತು. ಕ್ಯೋಟೋದಲ್ಲಿ ಆರಂಭವಾದ ಆ ಹುಡುಕಾಟದ ಒಂದು ಕವಲು ಇದೇ ಬೆಂಗಳೂರಿನ ಉತ್ತರದ ಅಂಚಿಗೆ, ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ಬಂದಿದೆ. ನಮ್ಮೂರಿನಲ್ಲಿ ನಡೆದ ಈ ಕೆಲಸವನ್ನು ನಮ್ಮ ಭಾಷೆಯಲ್ಲಿ ಹೇಳುವವರು ಕಡಿಮೆ. ಅದಕ್ಕಾಗಿಯೇ ಈ ಬರಹ.

1970ರ ದಶಕದ ನಡುಭಾಗ. ಮಸಾತೋಶಿ ತಾಕೆಚಿ ಎಂಬ ತರುಣ ಜೀವವಿಜ್ಞಾನಿ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಅಧ್ಯಯನ ಮಾಡುತ್ತಿದ್ದರು. ವಿಧಾನ ಸರಳ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಟ್ರಿಪ್ಸಿನ್ ಹಾಕುವುದು. ಪ್ರೋಟೀನನ್ನು ಕತ್ತರಿಸುವ ಆ ಕಿಣ್ವ ಅವುಗಳ ನಡುವಿನ ಹಿಡಿತವನ್ನು ಬಿಡಿಸಿ ಕೋಶಗಳನ್ನು ಬಿಡಿಬಿಡಿಯಾಗಿಸುತ್ತದೆ. ಆಮೇಲೆ ದ್ರವದಲ್ಲಿ ಮೆಲ್ಲಗೆ ಅಲುಗಿಸುತ್ತಿದ್ದರೆ ಅವು ಮತ್ತೆ ಗುಂಪುಗೂಡುತ್ತವೆ. ಎಷ್ಟು ಬೇಗ, ಎಷ್ಟು ಗಟ್ಟಿಯಾಗಿ ಎಂದು ನೋಡುವುದು. ಕ್ಯೋಟೋದಲ್ಲಿ ಇದು ಸಲೀಸಾಗಿ ನಡೆಯುತ್ತಿತ್ತು.

ಅಲ್ಲಿಂದ ಅವರು ಅಮೆರಿಕದ ಬಾಲ್ಟಿಮೋರ್‌ಗೆ, ಕಾರ್ನೆಗಿ ಸಂಸ್ಥೆಯ ಭ್ರೂಣವಿಜ್ಞಾನ ವಿಭಾಗಕ್ಕೆ ಹೋದರು. ಅದೇ ಪ್ರಯೋಗ ಮಾಡಿದರು. ಕೋಶಗಳು ಬಿಡಿಯಾದವು, ಮತ್ತೆ ಕೂಡಲೇ ಇಲ್ಲ. ಇಂಥ ಹೊತ್ತಿನಲ್ಲಿ ಬಹಳ ಮಂದಿ ಹೊಸ ಜಾಗ, ಹೊಸ ನೀರು, ಏನೋ ಎಡವಟ್ಟಾಗಿದೆ ಎಂದು ಪ್ರಯೋಗವನ್ನು ಸರಿಪಡಿಸಿ ಮುಂದೆ ಹೋಗುತ್ತಾರೆ. ತಾಕೆಚಿ ಹಾಗೆ ಮಾಡದೆ ಎರಡೂ ಪ್ರಯೋಗಾಲಯಗಳ ದ್ರಾವಣಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರು. ಬಾಲ್ಟಿಮೋರಿನ ಟ್ರಿಪ್ಸಿನ್ ದ್ರಾವಣದಲ್ಲಿ ಇಡಿಟಿಎ ಎಂಬ ರಾಸಾಯನಿಕವಿತ್ತು. ಅದು ದ್ರವದಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯೋಟೋದ ದ್ರಾವಣದಲ್ಲಿ ಅದಿರಲಿಲ್ಲ. ಟ್ರಿಪ್ಸಿನ್ ಹಾಕುವಾಗ ಕ್ಯಾಲ್ಸಿಯಂ ಇದ್ದರೆ ಕೋಶಗಳ ಮೇಲ್ಮೈಯ ಯಾವುದೋ ಒಂದು ಪ್ರೋಟೀನು ಕತ್ತರಿಗೆ ಸಿಗದೆ ಉಳಿದುಕೊಳ್ಳುತ್ತದೆ, ಕ್ಯಾಲ್ಸಿಯಂ ಇಲ್ಲದಿದ್ದರೆ ಅದು ತುಂಡಾಗುತ್ತದೆ, ಅದು ತುಂಡಾದರೆ ಕೋಶಗಳು ಕೂಡುವುದಿಲ್ಲ. ಈ ತರ್ಕವನ್ನು ಹಿಡಿದು ಮಾಡಿದ ಕೆಲಸ 1977ರಲ್ಲಿ ಪ್ರಕಟವಾಯಿತು. ಆ ಪ್ರೋಟೀನಿಗೆ ಕ್ಯಾಡ್ಹೆರಿನ್ ಎಂಬ ಹೆಸರು ಬಂದದ್ದು 1984ರಲ್ಲಿ. 1987ರಲ್ಲಿ ಅವರ ಗುಂಪು ಕ್ಯಾಡ್ಹೆರಿನ್‌ನ ಜೀನನ್ನು, ಅದು ಸ್ವಭಾವತಃ ಇಲ್ಲದ ಇಲಿಯ ಕೋಶಗಳಿಗೆ ಸೇರಿಸಿತು. ಅದುವರೆಗೆ ಒಂಟಿಯಾಗಿ ಚದುರಿರುತ್ತಿದ್ದ ಕೋಶಗಳು ಒತ್ತಾಗಿ ಗುಂಪು ಕಟ್ಟಿದವು.

ಒಂದು ದ್ರಾವಣದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಒಂದು ರಾಸಾಯನಿಕದಿಂದ ಇಷ್ಟೆಲ್ಲ ಹೊರಟಿತು. ಪ್ರಯೋಗ ಕೈಕೊಟ್ಟಾಗ ಏಕೆ ಕೈಕೊಟ್ಟಿತು ಎಂದು ಕೇಳುವ ತಾಳ್ಮೆ ಈ ಕತೆಯಲ್ಲಿ ಮತ್ತೊಮ್ಮೆ ಬರುತ್ತದೆ, ಇನ್ನೂ ದೊಡ್ಡದಾಗಿ.

ಕ್ಯಾಡ್ಹೆರಿನ್ ಕೋಶದ ಹೊರಗೆ ಚಾಚಿಕೊಂಡು ಪಕ್ಕದ ಕೋಶದ ಕ್ಯಾಡ್ಹೆರಿನ್‌ ಅನ್ನು ಹಿಡಿಯುತ್ತದೆ. ಅದರ ಬಾಲ ಕೋಶದ ಒಳಗಿರುತ್ತದೆ. 1988ರಲ್ಲಿ ಅಕಿರಾ ನಾಗಾಫುಚಿ ಮತ್ತು ತಾಕೆಚಿ ಆ ಬಾಲವನ್ನು ಕತ್ತರಿಸಿ ನೋಡಿದರು. ಹೊರಗಿನ ಭಾಗ ಪೂರ್ತಿ ಇತ್ತು, ಆದರೂ ಕೋಶಗಳು ಅಂಟಿಕೊಳ್ಳಲಿಲ್ಲ. ಹೊರಗಿನ ಹಿಡಿತಕ್ಕೆ ಒಳಗಿನ ಆಧಾರ ಬೇಕು ಎಂದಾಯಿತು. ಆ ಆಧಾರ ಯಾವುದು? ಜರ್ಮನಿಯಲ್ಲಿ ರೋಲ್ಫ್ ಕೆಮ್ಲರ್ ಅವರ ಗುಂಪು 1989ರಲ್ಲಿ ಬಾಲಕ್ಕೆ ಅಂಟಿಕೊಂಡಿರುವ ಮೂರು ಪ್ರೋಟೀನುಗಳನ್ನು ಗುರುತಿಸಿ ಕ್ಯಾಟೆನಿನ್ ಎಂದು ಕರೆಯಿತು: ಆಲ್ಫಾ, ಬೀಟಾ, ಗಾಮಾ. ಕೋಶದೊಳಗೆ ಆಕ್ಟಿನ್ ಎಂಬ ಎಳೆಗಳ ಜಾಲವಿದೆ. ಅದರ ಮೇಲೆ ಮಯೋಸಿನ್ ಎಂಬ ಪ್ರೋಟೀನು ಕೂತು ಎಳೆಯುತ್ತದೆ, ನಮ್ಮ ಸ್ನಾಯುವಿನಲ್ಲಿ ಎಳೆಯುವಂಥದೇ ಬಳಗ. ಹಾಗಾಗಿ ಪಠ್ಯಪುಸ್ತಕದಲ್ಲಿ ಒಂದು ಅಂದವಾದ ಚಿತ್ರ ಮೂಡಿತು: ಕ್ಯಾಡ್ಹೆರಿನ್, ಅದಕ್ಕೆ ಬೀಟಾ ಕ್ಯಾಟೆನಿನ್, ಅದಕ್ಕೆ ಆಲ್ಫಾ ಕ್ಯಾಟೆನಿನ್, ಅದಕ್ಕೆ ಆಕ್ಟಿನ್. ನೇರ ಸರಪಳಿ. ಒಂದೂವರೆ ದಶಕ ಎಲ್ಲರೂ ಅದನ್ನೇ ಬರೆದರು, ಬೋಧಿಸಿದರು.

2005ರ ಡಿಸೆಂಬರಿನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಜೊತೆಯಾಗಿ ಬಂದವು. ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ನೆಲ್ಸನ್ ಮತ್ತು ವಿಲಿಯಂ ವೈಸ್ ಅವರ ಗುಂಪುಗಳು ಈ ಪ್ರೋಟೀನುಗಳನ್ನು ಶುದ್ಧೀಕರಿಸಿ ನಳಿಕೆಯಲ್ಲಿ ಸೇರಿಸಿ ಆ ಸರಪಳಿಯನ್ನು ಕಟ್ಟಲು ಯತ್ನಿಸಿದ್ದವು. ಸರಪಳಿ ಕಟ್ಟಿಕೊಳ್ಳಲಿಲ್ಲ. ಆಲ್ಫಾ ಕ್ಯಾಟೆನಿನ್ ಬೀಟಾವನ್ನು ಹಿಡಿದಾಗ ಆಕ್ಟಿನ್ ಅನ್ನು ಬಿಡುತ್ತದೆ, ಆಕ್ಟಿನ್ ಅನ್ನು ಹಿಡಿದಾಗ ಬೀಟಾವನ್ನು ಬಿಡುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವುದೇ ಇಲ್ಲ. ಪುಸ್ತಕದಲ್ಲಿದ್ದ ಕೊಂಡಿ ಪ್ರಯೋಗದಲ್ಲಿ ಸಿಗಲಿಲ್ಲ.

ಈ ಕತೆಯಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ಘಟ್ಟ ಇದೇ. ತಾವೇ ನಂಬಿ ಬೋಧಿಸಿದ ಚಿತ್ರ ನಿಲ್ಲುತ್ತಿಲ್ಲ ಎಂದು ಹೆಸರುವಾಸಿಯಾದ ಎರಡು ಪ್ರಯೋಗಾಲಯಗಳು ಬಹಿರಂಗವಾಗಿ ಹೇಳಿದವು. ಅದಕ್ಕೆ ಬದಲಾಗಿ ಇಡಲು ಪೂರ್ತಿ ಉತ್ತರ ಅವರ ಬಳಿ ಆಗ ಇರಲಿಲ್ಲ. ಚರ್ಮ, ಕರುಳು, ಹೃದಯ ಎಲ್ಲವೂ ಕೋಶಗಳು ಬಿಗಿಯಾಗಿ ಹಿಡಿದುಕೊಂಡಿರುವುದರಿಂದಲೇ ನಿಂತಿವೆ; ಆ ಹಿಡಿತದ ಒಂದು ಕೊಂಡಿ ನಳಿಕೆಯಲ್ಲಿ ಮಾಯವಾಗಿತ್ತು. ಜೀವಂತ ಕೋಶದಲ್ಲಿದ್ದು ನಳಿಕೆಯಲ್ಲಿ ಇಲ್ಲದ್ದು ಏನು?

ಎಳೆತ. ನಳಿಕೆಯಲ್ಲಿ ಪ್ರೋಟೀನುಗಳು ನೀರಿನಲ್ಲಿ ತೇಲುತ್ತಿದ್ದವು. ಅವನ್ನು ಯಾರೂ ಎಳೆಯುತ್ತಿರಲಿಲ್ಲ.

ಇದಕ್ಕೆ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದು 2010ರಲ್ಲಿ, ಜಪಾನಿನ ಕೋಬೆ ನಗರದ ರಿಕೆನ್ ಅಭಿವರ್ಧನ ಜೀವವಿಜ್ಞಾನ ಕೇಂದ್ರದಲ್ಲಿ. ಆ ಕೇಂದ್ರದ ಮೊದಲ ನಿರ್ದೇಶಕರು ತಾಕೆಚಿಯವರೇ. ಅಲ್ಲಿನ ಶಿಗೆನೊಬು ಯೊನೆಮುರ ಮತ್ತು ಸಂಗಡಿಗರು ಆಲ್ಫಾ-18 ಎಂಬ ಹಳೆಯ ಪ್ರತಿಕಾಯವೊಂದನ್ನು ಬಳಸುತ್ತಿದ್ದರು. ನಾಗಾಫುಚಿ ಮತ್ತು ಶೋಇಚಿರೊ ತ್ಸುಕಿತ 1990ರ ದಶಕದಲ್ಲಿ ಬೇರೊಂದು ಕೆಲಸಕ್ಕೆ ತಯಾರಿಸಿದ್ದ ಪ್ರತಿಕಾಯ ಅದು. ಆಲ್ಫಾ ಕ್ಯಾಟೆನಿನ್‌ಗೆ ಅಂಟಿಕೊಂಡು ಅದು ಎಲ್ಲಿದೆ ಎಂದು ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕು. ಆದರೆ ಅದರ ನಡತೆ ವಿಚಿತ್ರವಾಗಿತ್ತು. ಕೋಶಗಳ ಮಯೋಸಿನ್ ಅನ್ನು ಬ್ಲೆಬಿಸ್ಟಾಟಿನ್ ಎಂಬ ಔಷಧದಿಂದ ನಿಲ್ಲಿಸಿದರೆ, ಅಂದರೆ ಎಳೆತವನ್ನು ಸಡಿಲಿಸಿದರೆ, ಪ್ರತಿಕಾಯದ ಹೊಳಪು ಮಂಕಾಗುತ್ತಿತ್ತು. ಆಲ್ಫಾ ಕ್ಯಾಟೆನಿನ್ ಅಲ್ಲಿಂದ ಹೊರಟುಹೋಗಿರಲಿಲ್ಲ. ಅದು ಇದ್ದಲ್ಲೇ ಇತ್ತು, ಅದರ ಆಕಾರ ಮಾತ್ರ ಬದಲಾಗಿತ್ತು.

ಪ್ರತಿಕಾಯ ಗುರುತಿಸುತ್ತಿದ್ದುದು ಎಳೆತಕ್ಕೆ ಸಿಕ್ಕಿ ಬಿಚ್ಚಿಕೊಂಡ ಆಲ್ಫಾ ಕ್ಯಾಟೆನಿನ್ ಅನ್ನು. ಎಳೆತವಿಲ್ಲದಾಗ ಅದು ತನ್ನೊಳಗೇ ಮಡಚಿಕೊಂಡು, ನಡುವಿನ ಒಂದು ಭಾಗವನ್ನು ಮುಚ್ಚಿಟ್ಟುಕೊಂಡಿರುತ್ತದೆ. ಮಯೋಸಿನ್ ಒಂದು ಕಡೆಯಿಂದ, ಪಕ್ಕದ ಕೋಶ ಇನ್ನೊಂದು ಕಡೆಯಿಂದ ಎಳೆದಾಗ ಆ ಮಡಿಕೆ ಬಿಚ್ಚುತ್ತದೆ. ಮುಚ್ಚಿದ್ದ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿಗೆ ವಿನ್ಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನು ಬಂದು ಕೂರುತ್ತದೆ, ಮತ್ತಷ್ಟು ಆಕ್ಟಿನ್ ಎಳೆಗಳನ್ನು ತಂದು ಕಟ್ಟುತ್ತದೆ. ಎಳೆತ ಹೆಚ್ಚಿದ ಕಡೆ ಕಟ್ಟೂ ಹೆಚ್ಚುತ್ತದೆ. ಒಂದೇ ಅಣು ಎಳೆತವನ್ನು ಅಳೆಯುತ್ತದೆ, ಅಳೆದದ್ದನ್ನು ಕೋಶಕ್ಕೆ ತಿಳಿಸುತ್ತದೆ, ತಿಳಿಸುತ್ತಲೇ ಬೆಸುಗೆಯನ್ನು ಬಲಪಡಿಸುತ್ತದೆ. ಅದೇ ವರ್ಷ ಯುರೋಪಿನಲ್ಲಿ ಯೊಹಾನ್ ಡಿ ರೂಯ್ ಅವರ ತಂಡ ಕ್ಯಾಡ್ಹೆರಿನ್ ಲೇಪಿಸಿದ ಪುಟ್ಟ ಕಾಂತೀಯ ಮಣಿಗಳನ್ನು ಕೋಶಗಳಿಗೆ ಅಂಟಿಸಿ ತಿರುಚಿ ನೋಡಿತ್ತು. ತಿರುಚಿದಷ್ಟೂ ಕೋಶ ಅಲ್ಲಿ ಗಡುಸಾಯಿತು. ಆ ಗಡಸುತನ ಪೂರ್ತಿ ಬರಲು ವಿನ್ಕ್ಯುಲಿನ್ ಬೇಕಾಗಿತ್ತು.

ಆ ಎಳೆತವಾದರೂ ಎಷ್ಟು? ಸಿಂಗಪುರದಲ್ಲಿ ಯಾನ್ ಜೀ ಅವರ ತಂಡ 2014ರಲ್ಲಿ ಒಂದೊಂದೇ ಆಲ್ಫಾ ಕ್ಯಾಟೆನಿನ್ ಅಣುವನ್ನು ಹಿಡಿದು ಎಳೆದು ಅಳೆಯಿತು. ಸುಮಾರು 5 ಪಿಕೊನ್ಯೂಟನ್‌ಗೆ ಅದು ಬಿಚ್ಚಿಕೊಳ್ಳುತ್ತದೆ. ಒಂದು ಗ್ರಾಂ ತೂಕವನ್ನು ಸುಮಾರು 200 ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು ತೆಗೆದುಕೊಂಡರೆ ಅಷ್ಟು. ಬೆರಳೆಣಿಕೆಯ ಮಯೋಸಿನ್ ಅಣುಗಳು ಎಳೆದರೆ ಸಾಕು.

ಸ್ಟ್ಯಾನ್‌ಫರ್ಡ್‌ನವರು ತಮ್ಮ ಒಗಟನ್ನು ಕೈಬಿಟ್ಟಿರಲಿಲ್ಲ. ಅದೇ 2014ರಲ್ಲಿ ನೆಲ್ಸನ್ ಮತ್ತು ವೈಸ್, ಭೌತವಿಧಾನಗಳಲ್ಲಿ ಪಳಗಿದ ಅಲೆಕ್ಸಾಂಡರ್ ಡನ್ ಅವರೊಂದಿಗೆ ಸೇರಿ, ಹಳೆಯ ಪ್ರಯೋಗವನ್ನು ಈ ಬಾರಿ ಎಳೆತದೊಂದಿಗೆ ಮಾಡಿದರು. ಲೇಸರ್ ಬೆಳಕಿನ ಹಿಡಿತದಲ್ಲಿ ಎರಡು ಸೂಕ್ಷ್ಮ ಮಣಿಗಳು. ಅವುಗಳ ನಡುವೆ ಕಟ್ಟಿದ ಒಂದೇ ಒಂದು ಆಕ್ಟಿನ್ ಎಳೆ. ಅದರ ಕೆಳಗೆ ಕ್ಯಾಡ್ಹೆರಿನ್ ಮತ್ತು ಎರಡು ಕ್ಯಾಟೆನಿನ್‌ಗಳ ಕೂಟ. ಕೆಳಗಿನ ತಳವನ್ನು ಅತ್ತಿತ್ತ ಜರುಗಿಸಿದಾಗ ಎಳೆತ ಹುಟ್ಟುತ್ತದೆ. 2005ರಲ್ಲಿ ನಳಿಕೆಯಲ್ಲಿ ಕೂಡದಿದ್ದ ಕೊಂಡಿ ಈಗ ಕೂಡಿತು! ಎಳೆತ ಸುಮಾರು 10 ಪಿಕೊನ್ಯೂಟನ್ ಮುಟ್ಟುವ ತನಕ ಆ ಹಿಡಿತ ಹೆಚ್ಚು ಹೊತ್ತು ಬಾಳಿತು. ಅದನ್ನೂ ಮೀರಿ ಎಳೆದಾಗ ಮಾತ್ರ ಬಿಡತೊಡಗಿತು. ಎಳೆದರೆ ಕಿತ್ತುಹೋಗುತ್ತದೆ ಎಂಬುದು ನಮ್ಮ ದಿನನಿತ್ಯದ ಅನುಭವ. ಇಲ್ಲಿ ಎಳೆದದ್ದರಿಂದಲೇ ಹಿಡಿತ ನಿಂತಿತು. ಪಠ್ಯಪುಸ್ತಕದ ಸರಪಳಿ ಸುಳ್ಳಾಗಿರಲಿಲ್ಲ, 2005ರ ಪ್ರಯೋಗವೂ ತಪ್ಪಾಗಿರಲಿಲ್ಲ. ಹಿಡಿತಕ್ಕೆ ಬೇಕಾದ ಪದಾರ್ಥಗಳಲ್ಲಿ ಎಳೆತವೂ ಒಂದು ಎಂದು ಮಾತ್ರ ಆಗ ಗೊತ್ತಿರಲಿಲ್ಲ.

ಇಲ್ಲಿಂದ ಕಿವಿಗೆ ಬರೋಣ.

ಮನುಷ್ಯನ ಒಂದೊಂದು ಒಳಕಿವಿಯಲ್ಲೂ ಶಬ್ದವನ್ನು ಗ್ರಹಿಸುವ ಸುಮಾರು 15 ಸಾವಿರ ಕೇಶಕೋಶಗಳಿವೆ. ಪ್ರತಿಯೊಂದರ ತಲೆಯ ಮೇಲೂ ಸಣ್ಣದರಿಂದ ಎತ್ತರದ ಕಡೆಗೆ ಮೆಟ್ಟಿಲಾಗಿ ನಿಂತ ಕೂದಲಿನಂಥ ಕಡ್ಡಿಗಳ ಗೊಂಚಲು. ಗಿಡ್ಡ ಕಡ್ಡಿಯ ತುದಿಯಿಂದ ಪಕ್ಕದ ಎತ್ತರದ ಕಡ್ಡಿಗೆ ಒಂದು ತೆಳು ಎಳೆ ಇದೆ ಎಂದು 1984ರಲ್ಲಿ ಜೇಮ್ಸ್ ಪಿಕಲ್ಸ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಕಂಡರು. ಶಬ್ದ ಗೊಂಚಲನ್ನು ಎತ್ತರದ ಕಡೆಗೆ ಬಾಗಿಸಿದಾಗ ಆ ಎಳೆ ಬಿಗಿಯಾಗಿ, ಕಡ್ಡಿಯ ತುದಿಯ ಕಿಂಡಿಯನ್ನು ತೆರೆಯುತ್ತದೆ. ಗಿಡ್ಡ ಕಡ್ಡಿಗಳ ಕಡೆಗೆ ಬಾಗಿದರೆ ಮುಚ್ಚುತ್ತದೆ. ಆ ಎಳೆಯನ್ನು ಮಾಡಿರುವ ಎರಡು ಪ್ರೋಟೀನುಗಳ ಹೆಸರು ಕ್ಯಾಡ್ಹೆರಿನ್-23 ಮತ್ತು ಪ್ರೋಟೊಕ್ಯಾಡ್ಹೆರಿನ್-15. ತಾಕೆಚಿ ಹುಡುಕಿದ ಅದೇ ಮನೆತನ. ಕೋಶಗಳನ್ನು ಒಂದಕ್ಕೊಂದು ಕಟ್ಟುವ ಬಳಗವೇ ಇಲ್ಲಿ ನಾದದ ಎಳೆತವನ್ನೂ ಹಿಡಿಯುತ್ತಿದೆ. ಈ ಜೀನುಗಳಲ್ಲಿ ದೋಷವಿದ್ದರೆ ಮಕ್ಕಳು ಕಿವುಡರಾಗಿ ಹುಟ್ಟಬಹುದು.

ಬಾಗುವ ದಿಕ್ಕು ಇಷ್ಟು ಮುಖ್ಯವಾದ್ದರಿಂದ ಪಕ್ಕಪಕ್ಕದ ಕೇಶಕೋಶಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ ನಿಂತಿರಬೇಕು. ಜೊತೆಗೆ ಒಂದು ಕೇಶಕೋಶ ಇನ್ನೊಂದನ್ನು ಮುಟ್ಟಬಾರದು. ನಡುವೆ ಆಸರೆಕೋಶಗಳು ಇರಬೇಕು. ಹೀಗೆ ಬೇರೆಬೇರೆಯಾಗಿ ಕೂರುವುದು ಹೇಗೆ ಎಂಬುದಕ್ಕೆ ಒಂದು ಸುಳಿವನ್ನು 2011ರಲ್ಲಿ ಹಿದೆರು ತೊಗಾಶಿ ಮತ್ತು ಸಂಗಡಿಗರು ಕೊಟ್ಟರು; ಆ ತಂಡದಲ್ಲಿ ತಾಕೆಚಿಯವರೂ ಇದ್ದರು. ಕೇಶಕೋಶದ ಮೇಲೆ ನೆಕ್ಟಿನ್ ಎಂಬ ಅಂಟುವ ಪ್ರೋಟೀನಿನ ಒಂದು ಬಗೆ, ಆಸರೆಕೋಶದ ಮೇಲೆ ಇನ್ನೊಂದು ಬಗೆಯದು; ತನ್ನಂಥದಕ್ಕಿಂತ ಬೇರೆ ಬಗೆಯದಕ್ಕೆ ಅಂಟಿಕೊಳ್ಳುವುದು ಅವಕ್ಕೆ ಹೆಚ್ಚು ಇಷ್ಟ. ಆದರೆ ಸಾಲುಗಟ್ಟಿ ಅಚ್ಚುಕಟ್ಟಾಗಿ ಕೂರುವುದು, ಎಲ್ಲವೂ ಒಂದೇ ದಿಕ್ಕಿಗೆ ತಿರುಗುವುದು ಅಷ್ಟರಿಂದಲೇ ಆಗುವಂಥದಲ್ಲ.

ರಾಜ್ ಲಾಧರ್ ಕೋಬೆಯ ಅದೇ ಕೇಂದ್ರದಲ್ಲಿ ಹಲವು ವರ್ಷ ಕಿವಿಯ ಬೆಳವಣಿಗೆಯನ್ನು ಅಧ್ಯಯನ ಮಾಡಿ ಬೆಂಗಳೂರಿಗೆ ಬಂದವರು. ಅವರು ಸೇರಿದ್ದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು, ಎಂದರೆ ಒಬೈದ್ ಸಿದ್ದಿಕಿಯವರು ಕಟ್ಟಿದ ಎನ್‌ಸಿಬಿಎಸ್ ಅನ್ನು. ಬಳೇಪೇಟೆಯಿಂದ ಹೊರಟು ಮೇಖ್ರಿ ವೃತ್ತ, ಹೆಬ್ಬಾಳ ದಾಟಿದರೆ ಕೃಷಿ ವಿಶ್ವವಿದ್ಯಾಲಯದ ಹಸಿರಿನ ನಡುವೆ ಅದು ಸಿಗುತ್ತದೆ. ದಾರಿಯಲ್ಲಿ ಮೇಖ್ರಿ ವೃತ್ತದ ಹತ್ತಿರ ರಾಮನ್ ಕಟ್ಟಿದ ಸಂಶೋಧನಾ ಸಂಸ್ಥೆ. ಅಲ್ಲಿ ಬಹುಕಾಲ ಕೆಲಸ ಮಾಡಿದ ಭೌತವಿಜ್ಞಾನಿ ಮದನ್ ರಾವ್ ಆಮೇಲೆ ಎನ್‌ಸಿಬಿಎಸ್‌ಗೆ ಬಂದರು. ತನ್ನೊಳಗಿನ ಶಕ್ತಿಯಿಂದಲೇ ಚಲಿಸುವ ಜೀವದ್ರವ್ಯದ ಲೆಕ್ಕಾಚಾರದಲ್ಲಿ ಅವರದು ಜಗತ್ತಿನಲ್ಲೇ ದೊಡ್ಡ ಹೆಸರು. ಭ್ರೂಣವಿಜ್ಞಾನಿಯೂ ಭೌತವಿಜ್ಞಾನಿಯೂ ಒಂದೇ ಆವರಣದಲ್ಲಿ ಎದುರುಬದುರಾಗುವಂಥ ಜಾಗಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಈ ಕೆಲಸ ಬೆಂಗಳೂರಿನಲ್ಲಿ ಆದದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ಲಾಧರ್ ಅವರ ತಂಡ ಆರಿಸಿಕೊಂಡದ್ದು ಕೋಳಿಯ ಮೊಟ್ಟೆ. 21 ದಿನಕ್ಕೆ ಮರಿಯಾಗುವ ಮೊಟ್ಟೆಯಲ್ಲಿ, ಮರಿಯ ಕಿವಿಯ ಶಬ್ದಗ್ರಾಹಿ ಪದರ ಯಾವ ದಿನ ಹೇಗಿರುತ್ತದೆ ಎಂದು ಹಂತಹಂತವಾಗಿ ನೋಡಬಹುದು. ಲಾಧರ್ ಅವರ ಪ್ರಯೋಗಾಲಯದ ಅನುಭವ್ ಪ್ರಕಾಶ್ ಮತ್ತು ಸಂಗಡಿಗರು ಪ್ರತಿ ಕೇಶಕೋಶದ ಸುತ್ತ ಎಷ್ಟು ನೆರೆಕೋಶಗಳಿವೆ, ಅವು ಯಾವ ಕೋನದಲ್ಲಿ ಕೂತಿವೆ, ಗೊಂಚಲು ಯಾವ ಕಡೆ ನೋಡುತ್ತಿದೆ ಎಂದು ಒಂದೊಂದನ್ನೂ ಅಳೆದರು. ಮೊದಮೊದಲು ಕೇಶಕೋಶಗಳು ಅಸ್ತವ್ಯಸ್ತ, ಮುಖಗಳೂ ಒಂದೊಂದು ದಿಕ್ಕಿಗೆ. ದಿನ ಕಳೆದಂತೆ ಷಟ್ಕೋನದ ಕ್ರಮ ಮೂಡುತ್ತದೆ; ಅದೇ ಹೊತ್ತಿನಲ್ಲಿ ಗೊಂಚಲುಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. ಎರಡೂ ಜೊತೆಯಾಗಿ ಆಗುತ್ತಿರುವುದನ್ನು ಕಂಡಾಗ ಎರಡಕ್ಕೂ ಮೂಲ ಒಂದೇ ಇರಬಹುದೇ ಎಂಬ ಪ್ರಶ್ನೆ ಬಂತು.

ಉತ್ತರ ಕೋಶಗಳ ಗಡಿಯಲ್ಲಿತ್ತು. ಆ ಪದರದ ಗಡಿಗಳೆಲ್ಲ ಒಂದೇ ಬಿಗಿಯಲ್ಲಿಲ್ಲ. ಕೇಶಕೋಶ ಮತ್ತು ಆಸರೆಕೋಶದ ನಡುವಿನ ಗಡಿಯ ಎಳೆತ ಒಂದು, ಎರಡು ಆಸರೆಕೋಶಗಳ ನಡುವಿನ ಗಡಿಯದು ಇನ್ನೊಂದು. ಯಾವ ಗಡಿಯಲ್ಲಿ ಮಯೋಸಿನ್ ಎಷ್ಟು ಚುರುಕಾಗಿದೆ ಎಂಬುದರ ಮೇಲೆ ಈ ವ್ಯತ್ಯಾಸ ನಿಂತಿದೆ. ಮಯೋಸಿನ್‌ನ ಚುರುಕನ್ನು ಬೇಕೆಂದೇ ಏರುಪೇರು ಮಾಡಿದಾಗ ಕೂರುವ ಕ್ರಮವೂ ಕೆಟ್ಟಿತು, ದಿಕ್ಕೂ ಕೆಟ್ಟಿತು. ಮದನ್ ರಾವ್, ಜಿನೀವಾದ ಕಾರ್ಸ್ಟನ್ ಕ್ರೂಸ್ ಮತ್ತು ಜೂಲಿಯನ್ ವೆನಿಂಗರ್ ಇದರ ಭೌತಿಕ ಲೆಕ್ಕಾಚಾರದಲ್ಲಿ ಕೈಜೋಡಿಸಿದರು. ಗಡಿಗಳ ಎಳೆತದ ವಿನ್ಯಾಸವೇ ಕೋಶಗಳಿಗೆ ಜಾಗವನ್ನೂ ದಿಕ್ಕನ್ನೂ ಕೊಡುತ್ತದೆ ಎಂಬುದು ಈ ದಶಕದಲ್ಲಿ ಹೊರಬಂದ ಅವರ ಪ್ರಬಂಧದ ತಿರುಳು. ಕೋಬೆ ಮತ್ತು ಸ್ಟ್ಯಾನ್‌ಫರ್ಡ್‌ಗಳಲ್ಲಿ ಒಂದು ಅಣು ಎಳೆತವನ್ನು ಹೇಗೆ ಅರಿಯುತ್ತದೆ ಎಂದು ಗೊತ್ತಾಯಿತು. ಸಾವಿರಾರು ಕೋಶಗಳು ಹಾಗೆ ಎಳೆದಾಡಿಕೊಂಡು ಒಟ್ಟಾಗಿ ಏನು ಕಟ್ಟುತ್ತವೆ ಎಂಬುದನ್ನು ಬೆಂಗಳೂರು ತೋರಿಸಿತು.

ಕೋಳಿಯ ಕಿವಿಯನ್ನು ನೋಡಿ ಮನುಷ್ಯರಿಗೇನು ಎಂದು ಯಾರಾದರೂ ಕೇಳಬಹುದು. ಮನುಷ್ಯರ ಕೇಶಕೋಶಗಳು ಸದ್ದಿನಿಂದ, ಕೆಲವು ಔಷಧಗಳಿಂದ, ವಯಸ್ಸಿನಿಂದ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ. 1988ರಲ್ಲಿ ಎರಡು ತಂಡಗಳು ಇದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಕಿವಿಯ ವಿಜ್ಞಾನವೇ ತಿರುವು ಪಡೆಯಿತು: ಭಾರೀ ಸದ್ದಿಗೆ ಕೇಶಕೋಶ ಕಳೆದುಕೊಂಡ ಹಕ್ಕಿಗಳಲ್ಲಿ ಹೊಸ ಕೇಶಕೋಶಗಳು ಕಾಣಿಸಿದ್ದವು. ಅವುಗಳ ಮೂಲ ಆಸರೆಕೋಶಗಳು. ಹಾಗಾದರೆ ನಮ್ಮ ಆಸರೆಕೋಶಗಳು ಏಕೆ ಸುಮ್ಮನಿವೆ? 2008ರಲ್ಲಿ ಅಮೆರಿಕದ ಜೆಫ್ರಿ ಕಾರ್ವಿನ್ ಅವರ ತಂಡ ಒಳಕಿವಿಯ ಸಮತೋಲದ ಅಂಗದಲ್ಲಿ ಆಸರೆಕೋಶಗಳ ಗಡಿಯನ್ನು ಹೋಲಿಸಿ ನೋಡಿತು. ಕೋಳಿ ದೊಡ್ಡದಾದ ಮೇಲೂ ಅದರಲ್ಲಿ ಗಡಿಯ ಆಕ್ಟಿನ್ ಪಟ್ಟಿ ತೆಳ್ಳಗೇ ಇತ್ತು. ಸಸ್ತನಿಗಳಲ್ಲಿ ಹುಟ್ಟಿದ ಮೇಲೆ ಅದು ದಪ್ಪವಾಗುತ್ತ ಹೋಗಿ, ಕೋಶವನ್ನು ಸುತ್ತುವರಿದ ಬಲವಾದ ಬಿಗಿಪಟ್ಟಿಯಾಗಿತ್ತು. ದಪ್ಪವಾದಷ್ಟೂ ಕೋಶಗಳ ವಿಭಜನೆ ಕಡಿಮೆಯಾಗಿತ್ತು. 2017ರಲ್ಲಿ ಕ್ಸೆನಿಯಾ ಗ್ನೆದೆವಾ ಮತ್ತು ಜೇಮ್ಸ್ ಹಡ್ಸ್‌ಪೆತ್ ಅವರ ತಂಡ ಇಲಿಯ ಅದೇ ಅಂಗದಲ್ಲಿ, ಸುತ್ತಲಿನ ಸ್ಥಿತಿಸ್ಥಾಪಕ ಬಲವೇ ಬೆಳವಣಿಗೆಗೆ ತಡೆ ಹಾಕುತ್ತದೆ ಎಂದು ತೋರಿಸಿತು. ಕಳೆದುಹೋದ ಶ್ರವಣವನ್ನು ಮರಳಿ ತರಲು ಹೊರಟವರು ಈಗ ಜೀನುಗಳ ಜೊತೆಗೆ ಈ ಗಡಿಗಳ ಬಿಗಿಯನ್ನೂ ಅಳೆಯುತ್ತಿದ್ದಾರೆ.